ನೋವು ನಿಂತ ಆ ರಾತ್ರಿ

ಮದ್ದೂರಿನಲ್ಲಿ ನನ್ನದೊಂದು ಚಿಕ್ಕ ಮೆಡಿಕಲ್ ಸ್ಟೋರ್ ಇದೆ. ಹಾಕಿ 14 ವರ್ಷ ಆಯಿತು. "ಅಣ್ಣ, ಮಗೀಗೆ ಹೊಟ್ಟೆನೋವು, ಏನಾದ್ರೂ ಕೊಡಿ" ಅಂತ ದಿನಕ್ಕೆ ನಾಲ್ಕು ಜನವಾದರೂ ಬರುತ್ತಾರೆ. ವಯಸ್ಸೆಷ್ಟು, ವಾಂತಿ ಇದೆಯಾ, ಭೇದಿ ಇದೆಯಾ ಅಂತ ಕೇಳಿ ಒಂದು ಸಿರಪ್ ಕೊಟ್ಟು ಕಳಿಸುತ್ತಿದ್ದೆ. ಹೋದ ವರ್ಷ ಅದೇ ಸಿರಪ್ಪನ್ನು ನನ್ನ ಮಗಳಿಗೂ ಕೊಟ್ಟೆ. ಆಮೇಲೆ ಆದದ್ದನ್ನು ಬರೆಯಬೇಕು ಅಂತ ಎಷ್ಟೋ ಸಲ ಕೂತಿದ್ದೇನೆ, ಕೈ ಓಡಿರಲಿಲ್ಲ. ಈಗ ಮತ್ತೆ ಬೇಸಿಗೆ ಬಂದಿದೆ, ಊರಹಬ್ಬಗಳು ಶುರುವಾಗಿವೆ, ಟೈಫಾಯ್ಡ್ ಮಾತ್ರೆಯ ಚೀಟಿಗಳು ಕೌಂಟರಿಗೆ ಬರುತ್ತಿವೆ. ಇವತ್ತು ಬರೆದೇ ಬಿಡುತ್ತೇನೆ.

ಮಗಳಿಗೆ ಆಗ ಎಂಟು ವರ್ಷ. ಮನೆಯಲ್ಲಿ ಪುಟ್ಟಿ ಅಂತೀವಿ, ಇಲ್ಲೂ ಹಾಗೇ ಇರಲಿ. ಟೈಫಾಯ್ಡ್ ಜ್ವರದ ಮಧ್ಯದಲ್ಲಿ ಅವಳ ಪಿತ್ತಕೋಶ, ಅಂದರೆ ಲಿವರ್ ಕೆಳಗೆ ಪಿತ್ತರಸ ಕೂಡಿಡೋ ಚಿಕ್ಕ ಚೀಲ, ತೂತಾಯಿತು. ಮಕ್ಕಳಲ್ಲಿ ಇದು ತುಂಬಾ ಅಪರೂಪ. ಅಪರೂಪ ಅನ್ನೋ ಕಾರಣಕ್ಕೇ ಯಾರಿಗೂ ಮೊದಲು ಹೊಳೆಯುವುದಿಲ್ಲ. ನನಗಂತೂ ಮಕ್ಕಳಿಗೆ ಹೀಗೂ ಆಗುತ್ತೆ ಅನ್ನೋದೇ ಗೊತ್ತಿರಲಿಲ್ಲ.

ನಮ್ಮ ಕಡೆ ಪಿತ್ತ ಅಂದರೆ ಬೇರೆಯದೇ ಲೆಕ್ಕ ಅಲ್ವಾ. ತಲೆ ಸುತ್ತಿದರೆ ಪಿತ್ತ, ಹುಳಿತೇಗು ಬಂದರೆ ಪಿತ್ತ, ಬೆಳಗ್ಗೆ ಎದ್ದಾಗ ವಾಕರಿಕೆ ಬಂದರೆ ಪಿತ್ತ, ಸಿಟ್ಟು ಬಂದರೆ ಅದು ನೆತ್ತಿಗೇರುತ್ತೆ. ಪುಟ್ಟಿ ಹಸಿರಾಗಿ ವಾಂತಿ ಮಾಡಿದಾಗ ಅವ್ವ ಅಂದದ್ದೂ ಅದೇ. "ಪಿತ್ತ ಕೆದರದೆ ಕಣ್ಲಾ, ಜೀರಿಗೆ ಕುದಿಸಿ ಕೊಡೋಣ ಬುಡು." ಅವ್ವನ ಮಾತಿನಲ್ಲಿ ಅರ್ಧ ನಿಜ ಇತ್ತು. ಪಿತ್ತವೇ ಕೆದರಿತ್ತು, ಅದು ಹೊಟ್ಟೆಯೊಳಗೆಲ್ಲ ಚೆಲ್ಲೋದಕ್ಕೆ ಒಂದೆರಡು ದಿನ ಬಾಕಿ ಇತ್ತು ಅಷ್ಟೆ.

ಮೊದಲಿಂದ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಮಳವಳ್ಳಿ ಕಡೆ ನಮ್ಮ ನೆಂಟರ ಊರಲ್ಲಿ ಹಬ್ಬ. ಎರಡು ದಿನ ಇದ್ದೆವು. ಬಿಸಿಲು ಅಂದರೆ ಬಿಸಿಲು. ಮಕ್ಕಳೆಲ್ಲ ಕೊಪ್ಪರಿಗೆಯಲ್ಲಿದ್ದ ಪಾನಕ, ಮಜ್ಜಿಗೆ, ಐಸ್‌ಕ್ಯಾಂಡಿ ಅಂತ ಕೈಗೆ ಸಿಕ್ಕಿದ್ದನ್ನು ಕುಡಿದವು, ತಿಂದವು. ಇದರಿಂದಲೇ ಬಂತು ಅಂತ ನಾನು ಹೇಳಲಾರೆ. ಬಂದ ಹತ್ತು ಹನ್ನೆರಡು ದಿನಕ್ಕೆ ಜ್ವರ ಶುರುವಾಯಿತು. ಟೈಫಾಯ್ಡ್ ರೋಗಾಣು ಹೊಟ್ಟೆಗೆ ಹೋದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರ ಸುಮ್ಮನೆ ಇದ್ದು ಆಮೇಲೆ ತಲೆ ಎತ್ತುತ್ತೆ.

ಮೊದಲ ನಾಲ್ಕು ದಿನ ಜ್ವರದ ಸಿರಪ್ ಕೊಟ್ಟುಕೊಂಡು ಕೂತೆ. ಇಳಿಯೋದು, ಸಂಜೆಗೆ ಮತ್ತೆ ಏರೋದು. ಐದನೇ ದಿನ ನಮ್ಮ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಿಡಾಲ್ ಟೆಸ್ಟ್ ಆಯಿತು, ಟೈಫಾಯ್ಡ್ ಅಂತ ಬಂತು, ಆಂಟಿಬಯೋಟಿಕ್ ಶುರುವಾಯಿತು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ವಿಡಾಲ್ ಅನ್ನೋ ಟೆಸ್ಟ್ 1896ರಷ್ಟು ಹಳೆಯದು. ಅದು ರೋಗಾಣುವನ್ನು ಹುಡುಕೋದಿಲ್ಲ, ರೋಗಾಣುವಿನ ವಿರುದ್ಧ ಮೈ ತಯಾರು ಮಾಡಿದ್ದನ್ನು ಹುಡುಕುತ್ತೆ. ಹಾಗಾಗಿ ಮೊದಲ ವಾರದಲ್ಲಿ ರೋಗ ಇದ್ದರೂ ಇಲ್ಲ ಅನ್ನಬಹುದು, ಹಿಂದೆ ಯಾವಾಗಲೋ ಬಂದಿದ್ದರೆ ಈಗ ಇಲ್ಲದಿದ್ದರೂ ಇದೆ ಅನ್ನಬಹುದು. ಗಟ್ಟಿ ಪರೀಕ್ಷೆ ಅಂದರೆ ಬ್ಲಡ್ ಕಲ್ಚರ್. ರಕ್ತ ತೆಗೆದು, ಅದರಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡೋದು. ಬೆಳೆದರೆ ಯಾವ ಔಷಧಿಗೆ ಅದು ಸಾಯುತ್ತೆ ಅನ್ನೋದೂ ಗೊತ್ತಾಗುತ್ತೆ. ಆದರೆ ಆ ರಕ್ತವನ್ನು ಆಂಟಿಬಯೋಟಿಕ್ ಶುರು ಮಾಡೋದಕ್ಕೆ ಮುಂಚೆ ತೆಗೆದರೆ ಒಳ್ಳೆಯದು. ನಮ್ಮಂಥ ಊರುಗಳಲ್ಲಿ ಮೊದಲು ಮಾತ್ರೆ, ಆಮೇಲೆ ಟೆಸ್ಟ್. ಇದರಲ್ಲಿ ಕೌಂಟರಿನ ಈಚೆ ನಿಂತಿರೋ ನನ್ನಂಥವರ ಪಾಲು ಸಣ್ಣದಲ್ಲ.

ಒಂಬತ್ತನೇ ದಿನ ಹೊಟ್ಟೆನೋವು ಬಂತು. ಬಲಗಡೆ, ಪಕ್ಕೆಲುಬಿನ ಕೆಳಗೆ. ಅಲ್ಲೇ ಅಂಗೈ ಇಟ್ಟುಕೊಂಡು ಬಗ್ಗಿ ಕೂತಿದ್ದಳು. ಅನ್ನ ಬೇಡ, ರಾಗಿ ಗಂಜಿಯೂ ಬೇಡ. ಎರಡು ಸಲ ವಾಂತಿ. ಅವತ್ತು ಭಾನುವಾರ, ಡಾಕ್ಟರು ಊರಲ್ಲಿರಲಿಲ್ಲ. ಅಂಗಡಿಯಿಂದ ಹೊಟ್ಟೆನೋವಿನ ಸಿರಪ್ ತಂದು ಕೊಟ್ಟೆ. ಒಂದು ಸಲ ಅಲ್ಲ, ಮಾರನೇ ದಿನ ಸಂಜೆವರೆಗೆ ನಾಲ್ಕು ಸಲ. ಪಕ್ಕದ ಮನೆಯವರು ಬಟ್ಟಿ ಬಿದ್ದಿರಬೇಕು, ಎಣ್ಣೆ ಹಚ್ಚಿ ಹೊಟ್ಟೆ ಉಜ್ಜಿಸಿ ಅಂದರು. ನನ್ನ ಹೆಂಡತಿ ಬೇಡ ಅಂದಳು. ಅವಳಿಗೆ ಯಾಕೆ ಹಾಗನ್ನಿಸಿತೋ, ಅವಳ ಆ ಒಂದು ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಊದಿಕೊಂಡಿರೋ ಪಿತ್ತಕೋಶದ ಮೇಲೆ ಕೈ ಹಾಕಿ ಉಜ್ಜಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಳ್ಳೋಕೂ ಆಗಲ್ಲ.

ಹತ್ತನೇ ದಿನ ರಾತ್ರಿ ಹನ್ನೊಂದರ ಹೊತ್ತಿಗೆ ಜೋರಾಗಿ ಅತ್ತಳು. ಆಮೇಲೆ ಇದ್ದಕ್ಕಿದ್ದಂಗೆ ಸುಮ್ಮನಾದಳು. "ಅಪ್ಪ, ಈಗ ಅಷ್ಟು ನೋಯ್ತಿಲ್ಲ" ಅಂದಳು. ನಾನು ಸಿರಪ್ ಕೆಲಸ ಮಾಡಿತು ಅಂದುಕೊಂಡೆ. ಅವ್ವ ದೇವರ ಮುಂದೆ ಹೋಗಿ ದೀಪ ಹಚ್ಚಿದಳು. ಅವತ್ತು ಮೂರು ದಿನದ ಮೇಲೆ ನಾವೆಲ್ಲ ನಿದ್ದೆ ಮಾಡಿದೆವು.

ಆಮೇಲೆ ಮೈಸೂರಿನಲ್ಲಿ ಸರ್ಜನ್ ಮೇಡಂ ಬಿಡಿಸಿ ಹೇಳಿದಾಗ ಗೊತ್ತಾಯಿತು. ನೋವು ನಿಂತ ಹೊತ್ತು ಅಂತ ನಾನು ಹೇಳಿದೆನಲ್ಲ, ಬಹುಶಃ ಪಿತ್ತಕೋಶ ಒಡೆದ ಹೊತ್ತೂ ಅದೇ. ಉಬ್ಬಿ ಬಿಗಿದುಕೊಂಡಿದ್ದ ಚೀಲ ಒಡೆದರೆ ಒಳಗಿನ ಒತ್ತಡ ಇಳಿಯುತ್ತೆ, ಬಿಗಿತದ ನೋವು ಸ್ವಲ್ಪ ಹೊತ್ತು ಕಡಿಮೆಯಾಗುತ್ತೆ. ಆಮೇಲೆ ಸೋರಿದ್ದು ಹರಡಿಕೊಂಡು ಹೊಟ್ಟೆಯ ಒಳಪದರವನ್ನೆಲ್ಲ ಸುಡೋದಕ್ಕೆ ಶುರು ಮಾಡುತ್ತೆ. ಎಲ್ಲರಿಗೂ ಹೀಗೇ ಆಗಬೇಕು ಅಂತಿಲ್ಲ. ಆದರೆ ಎರಡು ದಿನ ನೋವು ಅಂತ ಅತ್ತ ಮಗು, ಸಂಡಾಸಿಗೂ ಹೋಗದೆ, ಊಟವೂ ಕೇಳದೆ, ಏಕಾಏಕಿ ನೋವು ಹೋಯಿತು ಅಂದರೆ, ಆಗಲೇ ಕಣ್ಣಿಟ್ಟು ನೋಡಬೇಕು. ನಿಜವಾಗಿ ವಾಸಿಯಾದ ಮಗು ಎದ್ದು ಕೂರುತ್ತೆ, ನೀರು ಕೇಳುತ್ತೆ, ಟಿವಿ ಹಾಕು ಅನ್ನುತ್ತೆ. ಪುಟ್ಟಿ ಗೋಡೆ ಕಡೆ ತಿರುಗಿ, ಮೊಣಕಾಲು ಎದೆಗೆ ಸೇರಿಸಿಕೊಂಡು, ಅಲುಗಾಡದೆ ಮಲಗಿದ್ದಳು. ನಾನದನ್ನು ನಿದ್ದೆ ಅಂದುಕೊಂಡೆ.

ಬೆಳಗ್ಗೆ ನೋಡಿದರೆ ಹೊಟ್ಟೆ ಉಬ್ಬಿತ್ತು. ಹೊಟ್ಟೆ ಮೇಲೆ ಹೊದಿಕೆ ಇಟ್ಟರೂ ಬೇಡ ಅನ್ನುತ್ತಿದ್ದಳು. ಪಾದ ತಣ್ಣಗೆ, ಹಣೆ ಬಿಸಿ. ರಾತ್ರಿಯಿಂದ ಒಂದಕ್ಕೆ ಹೋಗಿರಲಿಲ್ಲ. ಉಸಿರು ಚಿಕ್ಕ ಚಿಕ್ಕದಾಗಿ, ಬೇಗ ಬೇಗ. ಅಣ್ಣನ ಕಾರಿನಲ್ಲಿ ಮಂಡ್ಯಕ್ಕೆ ಹೊರಟೆವು. ದಾರಿಯಲ್ಲಿ ಪ್ರತಿ ಹಂಪ್ ಬಂದಾಗಲೂ ಹಲ್ಲು ಕಚ್ಚಿಕೊಂಡು ಅವರಮ್ಮನ ಸೆರಗು ಹಿಡಿಯುತ್ತಿದ್ದಳು. ಹಂಪ್ ಮೇಲೆ ನೋವು ಜಾಸ್ತಿ ಆಯಿತಾ ಅಂತ ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು. ಹೊಟ್ಟೆಯ ಒಳಪದರ ಕೆಂಡವಾಗಿದ್ದರೆ ಮೈ ಸ್ವಲ್ಪ ಕುಲುಕಿದರೂ ಚುಚ್ಚುತ್ತೆ. ಅವಳನ್ನು ನೆಲಕ್ಕಿಳಿಸಿ "ಒಂದು ಸಲ ಜಂಪ್ ಮಾಡು ಪುಟ್ಟ" ಅಂದರು. ಇವಳು ಹಿಮ್ಮಡಿಯನ್ನೂ ಎತ್ತಲಿಲ್ಲ. ನನ್ನ ಮುಖ ನೋಡಿದಳು. ಮನೆಯ ಕಟ್ಟೆಯಿಂದ ದಿನಕ್ಕೆ ಇಪ್ಪತ್ತು ಸಲ ಹಾರೋ ಹುಡುಗಿ.

ಮಂಡ್ಯದಲ್ಲಿ ಮೊದಲು ಬಂದ ಅನುಮಾನ ಕರುಳಿನ ಮೇಲೆ. ಅದು ಸರಿಯಾದ ಅನುಮಾನವೇ. ಟೈಫಾಯ್ಡ್‌ನಲ್ಲಿ ತೂತು ಬೀಳೋದು ಸಾಮಾನ್ಯವಾಗಿ ಸಣ್ಣಕರುಳಿನ ಕೊನೆಯಲ್ಲಿ, ಎರಡು ಮೂರನೇ ವಾರದಲ್ಲಿ. ಇಲ್ಲದಿದ್ದರೆ ಅಪೆಂಡಿಕ್ಸ್. ನಿಲ್ಲಿಸಿ ಎಕ್ಸ್‌ರೇ ತೆಗೆದರು. ಕರುಳು ತೂತಾಗಿದ್ದರೆ ಅದರೊಳಗಿನ ಗಾಳಿ ಹೊರಗೆ ಬಂದು, ನಿಂತಾಗ ಮೇಲಕ್ಕೇರಿ, ಶ್ವಾಸಕೋಶದ ಕೆಳಗೆ ಕಪ್ಪು ಗೆರೆಯಂಗೆ ಕಾಣುತ್ತೆ. ಎಷ್ಟೋ ಸಲ ಕಾಣದೆಯೂ ಇರಬಹುದು. ಪುಟ್ಟಿಯ ಎಕ್ಸ್‌ರೇಯಲ್ಲಿ ಗಾಳಿ ಇರಲಿಲ್ಲ. ಪಿತ್ತಕೋಶದಲ್ಲಿ ಗಾಳಿ ಇರೋದಿಲ್ಲ, ಹಾಗಾಗಿ ಅದು ಒಡೆದರೆ ಎಕ್ಸ್‌ರೇ ಹೆಚ್ಚಾಗಿ ಏನನ್ನೂ ಹೇಳುವುದಿಲ್ಲ. ನಂಜಿದ್ದರೆ ಏರಬೇಕಾದ ಬಿಳಿ ರಕ್ತಕಣ ನಾರ್ಮಲ್ ಬಂತು. ಅದನ್ನು ನೋಡಿ ನನಗೆ ಧೈರ್ಯ ಬಂತು, ಡಾಕ್ಟರಿಗೆ ಬರಲಿಲ್ಲ. ಟೈಫಾಯ್ಡ್‌ನಲ್ಲಿ ಆ ಕಣಗಳು ಎಷ್ಟೋ ಸಲ ಮೊದಲೇ ಕಡಿಮೆ ಇರುತ್ತವೆ, ಆದ್ದರಿಂದ ನಾರ್ಮಲ್ ಅನ್ನೋ ಅಂಕಿಯನ್ನು ನಂಬೋ ಹಾಗಿಲ್ಲ ಅಂದರು. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆ ತುಂಬಾ ನೀರು, ಪಿತ್ತಕೋಶದ ಗೋಡೆ ದಪ್ಪ ಅಂತ ಕಂಡಿತು. ಕೈಗೆ ಸೂಜಿ ಹಾಕಿ ಡ್ರಿಪ್ಸ್ ಬಿಟ್ಟು, ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿ, ಮಕ್ಕಳ ಸರ್ಜನ್ ಇರೋ ಕಡೆಗೆ ಈಗಲೇ ಹೋಗಿ ಅಂತ ಮೈಸೂರಿಗೆ ಕಳಿಸಿದರು. ಅವರು ಅವತ್ತು ಎರಡು ದಿನ ಇಟ್ಟುಕೊಂಡು ನೋಡೋಣ ಅನ್ನಲಿಲ್ಲ. ಅದಕ್ಕೇ ನಾನು ಇವತ್ತು ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ.

ಮಂಡ್ಯದಿಂದ ಮೈಸೂರು 45 ಕಿಲೋಮೀಟರ್. ಆಂಬುಲೆನ್ಸ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟುವಾಗ ಹೆಂಡತಿ ಕಿಟಕಿಯಿಂದಲೇ ಹೊಳೆಗೆ ಕೈ ಮುಗಿದಳು. ನಾನು ಡ್ರಿಪ್ಸ್ ಬಾಟಲಿಯ ಹನಿ ಎಣಿಸುತ್ತಾ ಕೂತಿದ್ದೆ. ಬೇರೇನು ಮಾಡಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ಅಲ್ಲಿ ಮತ್ತೆ ಸ್ಕ್ಯಾನಿಂಗ್. ತಣ್ಣಗಿನ ಜೆಲ್ ಹಚ್ಚಿ ಬಲಗಡೆ ಮೆಲ್ಲಗೆ ಒತ್ತಿದಾಗ ಪುಟ್ಟಿ ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು, ಗುಂಡಿ ಕಿತ್ತು ಅವಳ ಮುಷ್ಟಿಯೊಳಗೇ ಉಳಿಯಿತು. ಸ್ಕ್ಯಾನಿಂಗ್ ಡಾಕ್ಟರು ತುಂಬಾ ಹೊತ್ತು ಒಂದೇ ಜಾಗದಲ್ಲಿ ನಿಂತರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಪಿಯರ್ ಹಣ್ಣಿನಂಗೆ ಉಬ್ಬಿರಬೇಕಾದ ಚೀಲ ಸುಕ್ಕಾಗಿತ್ತು. ಅದರ ದುಂಡು ತುದಿಯಲ್ಲಿ ಗೋಡೆಯ ಬಿಳಿ ಗೆರೆ ಒಂದು ಕಡೆ ತುಂಡಾಗಿತ್ತು. ಅದೇ ತೂತು. ಹೀಗೆ ತೂತೇ ಕಣ್ಣಿಗೆ ಸಿಗೋದು ಯಾವಾಗಲೂ ಆಗೋದಿಲ್ಲವಂತೆ. ಸಿಗದಿದ್ದರೆ ಸಿಟಿ ಸ್ಕ್ಯಾನ್ ಮಾಡುತ್ತಾರೆ, ಅದರಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಮಗು ಗಟ್ಟಿಯಾಗಿದ್ದು ಟೈಮ್ ಇದ್ದರೆ ಹೈಡಾ ಸ್ಕ್ಯಾನ್ ಅಂತ ಒಂದಿದೆ. ರಕ್ತಕ್ಕೆ ಒಂದು ಔಷಧಿ ಬಿಟ್ಟು, ಅದು ಪಿತ್ತದ ಜೊತೆ ಸೇರಿಕೊಂಡು ಎಲ್ಲಿಗೆ ಹೋಗುತ್ತೆ ಅಂತ ನೋಡೋದು. ಕರುಳಿಗೆ ಹೋಗೋ ಬದಲು ಹೊಟ್ಟೆಯೊಳಗೆ ಹರಡಿದರೆ ಸೋರಿಕೆ ಖಾತ್ರಿ. ನಮಗೆ ಅಷ್ಟು ಹೊತ್ತು ಇರಲಿಲ್ಲ.

ಸೂಜಿ ಹಾಕಿ ಹೊಟ್ಟೆಯಿಂದ ಸ್ವಲ್ಪ ನೀರು ಎಳೆದರು. ಸಿರಿಂಜ್ ನನ್ನ ಕಣ್ಣ ಮುಂದೆಯೇ ತುಂಬಿತು. ನಮ್ಮ ಕಡೆಯವರಿಗೆ ಆ ಬಣ್ಣ ಹೇಳೋದು ಸುಲಭ. ಆಲೆಮನೆಯಲ್ಲಿ ಗಾಣದಿಂದ ಆಗಷ್ಟೇ ಇಳಿದ ಕಬ್ಬಿನ ಹಾಲು ಇರುತ್ತಲ್ಲ, ಕೊಪ್ಪರಿಗೆಗೆ ಹೋಗೋ ಮುಂಚೆ, ಮಾಸಲು ಹಸಿರು, ಅದೇ ಬಣ್ಣ. ಅದನ್ನು ಲ್ಯಾಬಿಗೆ ಕಳಿಸಿದರು. ಹೊಟ್ಟೆಯ ನೀರಿನಲ್ಲಿ ಬಿಲಿರುಬಿನ್, ಅಂದರೆ ಪಿತ್ತದ ಹಳದಿ ಬಣ್ಣದ ಅಂಶ, ರಕ್ತದಲ್ಲಿ ಇರೋದಕ್ಕಿಂತ ಜಾಸ್ತಿ ಬಂದರೆ ಅದು ಪಿತ್ತವೇ ಸೋರಿರೋದು. ಜಾಸ್ತಿ ಬಂತು.

ಸರ್ಜನ್ ಮೇಡಂ ಹತ್ತಿರ ನಾನು ಒಂದು ಪ್ರಶ್ನೆ ಕೇಳಿದೆ. ಟೈಫಾಯ್ಡ್ ಜ್ವರಕ್ಕೂ ಪಿತ್ತಕೋಶಕ್ಕೂ ಏನು ಸಂಬಂಧ ಮೇಡಂ, ಕಲ್ಲೂ ಇಲ್ಲ ಅಂತೀರಿ. ಅವರು ಹೇಳಿದ್ದು, ಆ ರೋಗಾಣುವಿಗೆ ಪಿತ್ತರಸ ಅಂದರೆ ಪ್ರೀತಿ. ರಕ್ತದಿಂದ ಲಿವರ್‌ಗೆ, ಲಿವರ್‌ನಿಂದ ಪಿತ್ತದ ಜೊತೆ ಚೀಲಕ್ಕೆ ಬಂದು ಸೇರಿಕೊಳ್ಳುತ್ತೆ. ಅಲ್ಲಿ ನಂಜಾದರೆ ಕಲ್ಲೇ ಇಲ್ಲದೆ ಚೀಲ ಊದಿಕೊಳ್ಳುತ್ತೆ. ಊದಿ ಬಿಗಿದ ಗೋಡೆಗೆ ರಕ್ತ ಸರಿಯಾಗಿ ಹೋಗಲ್ಲ, ಒಂದು ಜಾಗ ಕೊಳೆಯುತ್ತೆ, ಅಲ್ಲೇ ತೂತು. ಹೆಚ್ಚಾಗಿ ಆ ದುಂಡು ತುದಿಯಲ್ಲೇ ಯಾಕೆ ಅಂದರೆ, ರಕ್ತನಾಳ ಚೀಲದ ಕುತ್ತಿಗೆ ಕಡೆಯಿಂದ ಬರುತ್ತೆ, ತುದಿಗೆ ಹೋಗೋದು ಎಲ್ಲಕ್ಕಿಂತ ಕೊನೆಗೆ. ನನಗೆ ತಕ್ಷಣ ನಮ್ಮ ಕಡೆಯ ಗದ್ದೆಗಳಿಗೆ ನೀರು ತರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೆನಪಾಯಿತು. ಮೇಲೆ ನೀರು ಕಮ್ಮಿ ಬಿಟ್ಟ ವರ್ಷ ಮೊದಲು ಒಣಗೋದು ಮದ್ದೂರು ಮಳವಳ್ಳಿ ಕಡೆಯ, ನಾಲೆಯ ಕೊನೇ ಭಾಗದ ಗದ್ದೆ ಅಲ್ವಾ. ಹಾಗೇ ಇದು.

ಈ ಪಿತ್ತದ ಪ್ರೀತಿಯ ಬಗ್ಗೆ ಆಮೇಲೆ ಓದಿದೆ. ಅಮೆರಿಕದ ನ್ಯೂಯಾರ್ಕ್‌ನಲ್ಲಿ ಮೇರಿ ಮ್ಯಾಲನ್ ಅನ್ನೋ ಅಡುಗೆಯ ಹೆಂಗಸು ಇದ್ದಳು. ತನಗೆ ಜ್ವರವೇ ಇಲ್ಲ, ಆದರೆ ಅವಳು ಅಡುಗೆ ಮಾಡಿದ ಮನೆಗಳಲ್ಲೆಲ್ಲ ಟೈಫಾಯ್ಡ್. 1907ರಲ್ಲಿ ಹಿಡಿದು ಒಂದು ದ್ವೀಪದಲ್ಲಿ ಬೇರೆ ಇಟ್ಟರು. ಪಿತ್ತಕೋಶ ತೆಗೆಸಿಕೋ ಅಂದರು, ಅವಳು ಒಪ್ಪಲಿಲ್ಲ. ಎಷ್ಟೋ ವರ್ಷ ಒಂಟಿಯಾಗಿ ಕಳೆದು 1938ರಲ್ಲಿ ತೀರಿಕೊಂಡಳು. ಪಾಪ, ಅವಳ ತಪ್ಪೇನಿತ್ತು. ಈಗಲೂ ಟೈಫಾಯ್ಡ್ ಬಂದು ಹೋದ ಕೆಲವರ ಪಿತ್ತಕೋಶದಲ್ಲಿ ರೋಗಾಣು ಹೀಗೆ ಉಳಿದುಕೊಳ್ಳುತ್ತೆ. ಅಡುಗೆ ಮಾಡೋರು ಸೋಪು ಹಾಕಿ ಕೈ ತೊಳೀಬೇಕು ಅನ್ನೋದು ಅದಕ್ಕೇ.

ಆಪರೇಷನ್‌ಗೆ ಮುಂಚೆ ನಾಲ್ಕು ಗಂಟೆ ತಯಾರಿ. ನನಗೆ ಆ ನಾಲ್ಕು ಗಂಟೆ ತಡ ಅನ್ನಿಸಿತ್ತು, ಬೇಗ ಕರೆದುಕೊಂಡು ಹೋಗಿ ಅಂತ ಸಿಸ್ಟರ್ ಮೇಲೆ ರೇಗಿದೆ. ಆಮೇಲೆ ಅರ್ಥವಾಯಿತು. ಹೊಟ್ಟೆಯೊಳಗೆ ನೀರು ಸೋರಿಕೊಂಡು ಮೈಯಲ್ಲಿ ನೀರೇ ಇಲ್ಲದ ಮಗುವಿಗೆ ಹಾಗೇ ಅನಸ್ತೇಷಿಯಾ ಕೊಟ್ಟರೆ ಬಿಪಿ ಬಿದ್ದು ಹೋಗುತ್ತೆ. ಮೊದಲು ಡ್ರಿಪ್ಸ್ ಓಡಿಸಿ, ಮೂತ್ರ ಬರೋದನ್ನು ನೋಡಬೇಕು. ಮೂಗಿನಿಂದ ಹೊಟ್ಟೆಗೆ ಪೈಪ್ ಇಳಿಸಿ ಒಳಗಿರೋದನ್ನು ಹೊರಗೆ ತೆಗೀಬೇಕು. ಆಂಟಿಬಯೋಟಿಕ್ ಹೋಗಬೇಕು. ನೋವಿಗೂ ಕೊಟ್ಟರು. ಪತ್ತೆಯಾಗೋ ತನಕ ಮಗು ನೋವು ತಿನ್ನಲಿ ಅಂತ ಯಾರೂ ಹೇಳುತ್ತಿಲ್ಲ. ಡಾಕ್ಟರ ಕಣ್ಣಿನ ಕೆಳಗೆ ನೋವಿನ ಔಷಧಿ ಕೊಡೋದು ಬೇರೆ, ಡಾಕ್ಟರಿಗೆ ತೋರಿಸದೆ ನನ್ನಂಗೆ ಎರಡು ದಿನ ಸಿರಪ್ ಕುಡಿಸೋದು ಬೇರೆ.

ರಾತ್ರಿ ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಚಿಕ್ಕ ತೂತುಗಳ ಮೂಲಕ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್ನೂ ಇದೆ. ಆದರೆ ಹೊಟ್ಟೆ ಪೂರ್ತಿ ಗಲೀಜಾಗಿತ್ತು, ಕರುಳಿನ ಉದ್ದಕ್ಕೂ ಕೈ ಹಾಕಿ ನೋಡಬೇಕು, ಟೈಫಾಯ್ಡ್ ತೂತು ಅಲ್ಲೂ ಇದ್ದರೆ ಬಿಡೋ ಹಾಗಿಲ್ಲ ಅಂತ ತೆರೆದೇ ಮಾಡಿದರು. ಕರುಳು ಚೆನ್ನಾಗಿತ್ತು. ಪಿತ್ತಕೋಶದ ತುದಿ ಕಪ್ಪಾಗಿ ಕೊಳೆತಿತ್ತು, ಇಡೀ ಚೀಲವನ್ನೇ ತೆಗೆದರು. ಉಗುರು ಬೆಚ್ಚಗಿನ ಸಲೈನ್ ಹಾಕಿ ಹೊಟ್ಟೆಯನ್ನು ಮತ್ತೆ ಮತ್ತೆ ತೊಳೆದು, ಒಂದು ಡ್ರೈನ್ ಪೈಪ್ ಇಟ್ಟು ಮುಚ್ಚಿದರು. ಪಿತ್ತಕೋಶವನ್ನು ಹೀಗೆ ತೆಗೆಯೋ ಆಪರೇಷನ್ ಮೊದಲು ಮಾಡಿದ್ದು 1882ರಲ್ಲಿ, ಬರ್ಲಿನ್‌ನಲ್ಲಿ, ಲ್ಯಾಂಗನ್‌ಬುಕ್ ಅನ್ನೋ ಸರ್ಜನ್. ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಇದನ್ನು ಓದಿದ್ದು. ಹಳೇ ಆಪರೇಷನ್, ಎಲ್ಲರಿಗೂ ಕೈ ಬಂದಿರುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ.

ಎಲ್ಲ ಮಕ್ಕಳಿಗೂ ಚೀಲ ತೆಗೆಯಲೇಬೇಕು ಅಂತಿಲ್ಲ. ಮಗು ತುಂಬಾ ನಿತ್ರಾಣವಾಗಿದ್ದರೆ ಚೀಲದೊಳಗೆ ಒಂದು ಪೈಪ್ ಇಟ್ಟು ಪಿತ್ತವನ್ನು ಹೊರಗೆ ಹರಿಯೋ ಹಾಗೆ ಮಾಡಿ, ಸುಧಾರಿಸಿದ ಮೇಲೆ ಮುಂದಿನದ್ದು ನೋಡುತ್ತಾರೆ. ಸೋರಿದ್ದು ಹರಡದೆ ಒಂದೇ ಕಡೆ ಕಟ್ಟಿಕೊಂಡು ಕೀವಾಗಿದ್ದರೆ, ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಅದಕ್ಕೆ ಪೈಪ್ ಹಾಕಿ ಕೀವು ತೆಗೆದು, ಕೆಲವು ವಾರ ಬಿಟ್ಟು ಆಪರೇಷನ್ ಮಾಡುತ್ತಾರೆ. 1934ರಲ್ಲಿ ನೀಮಿಯರ್ ಅನ್ನೋ ಡಾಕ್ಟರು ಪಿತ್ತಕೋಶ ಒಡೆಯೋದನ್ನು ಮೂರು ಬಗೆ ಮಾಡಿದ್ದನ್ನು ಈಗಲೂ ಬಳಸುತ್ತಾರೆ. ಒಮ್ಮೆಲೇ ಒಡೆದು ಹೊಟ್ಟೆಗೆಲ್ಲ ಚೆಲ್ಲೋದು, ಸುತ್ತಲೇ ಕಟ್ಟಿಕೊಂಡು ಕೀವಾಗೋದು, ನಿಧಾನವಾಗಿ ಪಕ್ಕದ ಕರುಳಿಗೆ ದಾರಿ ಮಾಡಿಕೊಳ್ಳೋದು. ನಮ್ಮದು ಒಮ್ಮೆಲೇ ಒಡೆದದ್ದು.

ವಾರ್ಡಿನಲ್ಲಿ ಪಕ್ಕದ ಬೆಡ್ಡಿಗೆ ನಂಜನಗೂಡು ಕಡೆಯ ಒಬ್ಬ ಹುಡುಗ ಇದ್ದ, ಹನ್ನೊಂದು ವರ್ಷ. ಸೈಕಲ್‌ನಿಂದ ಬಿದ್ದು ಹ್ಯಾಂಡಲ್ ಹೊಟ್ಟೆಗೆ ಗುದ್ದಿತ್ತು. ಹೊರಗೆ ಒಂದು ಗೆರೆಯೂ ಇಲ್ಲ. ಒಂದು ದಿನ ನೋವು ಅಂದ, ಆಮೇಲೆ ಓಡಾಡಿಕೊಂಡಿದ್ದ. ವಾರ ಹತ್ತು ದಿನದಲ್ಲಿ ಹೊಟ್ಟೆ ದಪ್ಪ ಆಗುತ್ತಾ ಬಂತು, ಕಣ್ಣು ಸ್ವಲ್ಪ ಹಳದಿಯಾಯಿತು, ಊಟ ಸೇರದೆ ಹೋಯಿತು. ಕಾಮಾಲೆ ಅಂತ ನಾಟಿ ಔಷಧಿ ಕೊಡಿಸಿದ್ದರು. ಅವನಿಗೂ ಪಿತ್ತ ಸೋರಿತ್ತು. ಆದರೆ ಅದರಲ್ಲಿ ನಂಜಿರಲಿಲ್ಲ. ನಂಜಿಲ್ಲದ ಪಿತ್ತ ಕೂಗಾಡುವುದಿಲ್ಲ, ಮೆಲ್ಲಗೆ ತುಂಬಿಕೊಳ್ಳುತ್ತೆ. ಅವರಪ್ಪ ಕೂಲಿ ಮಾಡೋರು, ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಆಯಿತು. ಆ ಕಾರ್ಡು, ಮಗುವಿನ ಆಧಾರ್ ಎರಡನ್ನೂ ಮನೆಯಲ್ಲಿ ಕೈಗೆ ಸಿಗೋ ಕಡೆ ಇಟ್ಟುಕೊಂಡಿರಿ.

ಹೊಟ್ಟೆಗೆ ಪೆಟ್ಟು ಬಿದ್ದ ಮಗು ಒಂದೆರಡು ವಾರ ಆದ ಮೇಲೂ ಹೊಟ್ಟೆ ಉಬ್ಬಿದೆ ಅಂದರೆ ಆ ಪೆಟ್ಟಿನ ವಿಷಯವನ್ನು ಡಾಕ್ಟರಿಗೆ ಹೇಳಬೇಕು. ನಾವು ಮರೆತಿರುತ್ತೇವೆ, ಮಗುವೂ ಬೈಗುಳಕ್ಕೆ ಹೆದರಿ ಹೇಳಿರುವುದಿಲ್ಲ. ಇನ್ನು ತೀರಾ ಚಿಕ್ಕ ಕೂಸುಗಳಿಗೆ, ಮೊದಲ ವರ್ಷದೊಳಗೆ, ಪಿತ್ತಕೋಶದ ಬದಲು ಪಿತ್ತನಾಳವೇ ತಾನಾಗಿ ತೂತಾಗೋದುಂಟು. ಹೊಟ್ಟೆ ಉಬ್ಬೋದು, ಸಣ್ಣಗೆ ಕಾಮಾಲೆ, ಮಲ ಸುಣ್ಣದಂಗೆ ಬಿಳಿಚಿಕೊಳ್ಳೋದು, ಹೊಕ್ಕಳಿನ ಹತ್ತಿರ ಹಳದಿ ಬಣ್ಣ ಕಾಣೋದು. ಥಲಸ್ಸೀಮಿಯಾ, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇರೋ ಮಕ್ಕಳಿಗೆ ಚಿಕ್ಕ ವಯಸ್ಸಿಗೇ ಪಿತ್ತದ ಕಲ್ಲಾಗಬಹುದು, ಅವರ ಹೊಟ್ಟೆನೋವನ್ನು ಯಾವತ್ತೂ ಹಗುರವಾಗಿ ನೋಡಬಾರದು.

ಇದನ್ನೆಲ್ಲ ಓದಿ ಯಾರೂ ಸುಮ್ನೆ ಹೆದರಬೇಡಿ, ಅದೂ ಮುಖ್ಯ. ಡೆಂಗಿ ಬಂದ ಮಕ್ಕಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪಿತ್ತಕೋಶದ ಗೋಡೆ ದಪ್ಪ ಅಂತ ಬರೆದಿರೋದು ಸಾಮಾನ್ಯ. ಕಾಮಾಲೆಯಲ್ಲೂ ಹಾಗೇ. ಅದು ಕಾಯಿಲೆ ಇಳಿದಂತೆ ತಾನೇ ಇಳಿಯುತ್ತೆ, ಆಪರೇಷನ್ ಬೇಕಾಗೋದು ತೀರಾ ಅಪರೂಪ. ಹಾಗೇ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ನಡೆಯುತ್ತಿರೋ ಮಕ್ಕಳ ಪಿತ್ತಕೋಶದಲ್ಲಿ ಕಲ್ಲಿನಂಗೆ ಒಂದು ಗಸಿ ಕಾಣಬಹುದು. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಅದು ಹೆಚ್ಚಾಗಿ ಕರಗಿ ಹೋಗುತ್ತೆ. ನನ್ನ ಅಂಗಡಿಗೆ ಇಂಥ ರಿಪೋರ್ಟ್ ಹಿಡಿದುಕೊಂಡು ಅಳುತ್ತಾ ಬಂದ ತಾಯಂದಿರಿದ್ದಾರೆ. ರಿಪೋರ್ಟಿನ ಒಂದು ಸಾಲಿಗಿಂತ ಮಗು ಹೇಗಿದೆ ಅನ್ನೋದು ದೊಡ್ಡದು.

ಆಪರೇಷನ್ ಆದ ಮೇಲೆ ಎರಡು ದಿನ ಐಸಿಯು. ಡ್ರೈನಿನ ಚೀಲಕ್ಕೆ ಬರೋದು ಮೊದಲ ದಿನ ಹಸಿರು, ಆಮೇಲೆ ಕೆಂಪು ಮಿಶ್ರ, ನಾಲ್ಕನೇ ದಿನ ತಿಳಿ ಹಳದಿ, ಒಂದೆರಡು ಚಮಚದಷ್ಟು. ನಾನು ಪ್ರತಿ ಗಂಟೆಗೂ ಬಗ್ಗಿ ನೋಡುತ್ತಿದ್ದೆ. ಐದನೇ ದಿನ ಅದನ್ನು ತೆಗೆದರು. ಹೊಟ್ಟೆ ಗುರುಗುಟ್ಟಿತು ಅಂತ ಪುಟ್ಟಿ ಹೇಳಿದ ದಿನ ಸಿಸ್ಟರ್ ಒಬ್ಬರು ಎಳನೀರು ಕೊಡಬಹುದು ಅಂದರು. ನಾನು ಓಡಿ ಹೋಗಿ ಮದ್ದೂರು ಎಳನೀರು ಇದೆಯಾ ಅಂತ ಕೇಳಿ ತಂದೆ. ಮೂರು ಗುಟುಕು ಕುಡಿದಳು. ಒಟ್ಟು ಹನ್ನೊಂದು ದಿನಕ್ಕೆ ಮನೆಗೆ ಬಂದೆವು. ಟೈಫಾಯ್ಡ್‌ನ ಆಂಟಿಬಯೋಟಿಕ್ ಅನ್ನು ಅದರ ದಿನ ಮುಗಿಯೋ ತನಕ ಕೊಟ್ಟೆವು, ಒಂದು ಡೋಸೂ ಬಿಡಲಿಲ್ಲ.

ಎಲ್ಲರೂ ಕೇಳೋ ಪ್ರಶ್ನೆ, ಪಿತ್ತಕೋಶ ಇಲ್ಲದೆ ಬದುಕೋದು ಹೇಗೆ. ಬದುಕಬಹುದು, ಚೆನ್ನಾಗಿಯೇ. ಪಿತ್ತ ತಯಾರಾಗೋದು ಲಿವರ್‌ನಲ್ಲಿ. ಈ ಚೀಲ ಅದನ್ನು ಕೂಡಿಟ್ಟು, ಗಟ್ಟಿ ಮಾಡಿ, ಊಟದ ಹೊತ್ತಿಗೆ ಬಿಡುತ್ತಿತ್ತು ಅಷ್ಟೆ. ಈಗ ಅದು ನೇರವಾಗಿ ಕರುಳಿಗೆ ಹೋಗುತ್ತೆ. ಮೊದಲ ಕೆಲವು ವಾರ ಎಣ್ಣೆ ತಿಂಡಿ ತಿಂದರೆ ಹೊಟ್ಟೆ ಸಡಿಲವಾಗುತ್ತಿತ್ತು, ಬರಬರುತ್ತಾ ಸರಿಹೋಯಿತು. ಈಗ ಮುದ್ದೆ, ಬಸ್ಸಾರು, ಭಾನುವಾರದ ಕೋಳಿ ಸಾರು ಎಲ್ಲ ತಿನ್ನುತ್ತಾಳೆ. ಮದ್ದೂರು ವಡೆ ಅರ್ಧ ಕೊಡುತ್ತೇವೆ, ಇನ್ನರ್ಧ ಅಜ್ಜಿ ಕದ್ದು ಕೊಡುತ್ತಾಳೆ. ಜ್ವರ, ಹಸಿರು ವಾಂತಿ, ಕಣ್ಣು ಹಳದಿ, ಮಲ ಬಿಳಿಚೋದು, ಹೊಟ್ಟೆ ಮತ್ತೆ ಉಬ್ಬೋದು, ಇವುಗಳಲ್ಲಿ ಯಾವುದು ಬಂದರೂ ಅವತ್ತೇ ಬನ್ನಿ ಅಂದಿದ್ದಾರೆ. ಒಳಗೆ ಕೀವು ಕಟ್ಟೋದು, ಕರುಳು ಅಂಟಿಕೊಳ್ಳೋದು ಆಮೇಲೂ ಆಗಬಹುದು. ದೇವರ ದಯೆ, ಇಲ್ಲಿವರೆಗೆ ಏನೂ ಆಗಿಲ್ಲ.

ಟೈಫಾಯ್ಡ್‌ಗೆ ಲಸಿಕೆ ಇದೆ. ಆರು ತಿಂಗಳ ಕೂಸಿನಿಂದಲೇ ಕೊಡಬಹುದಾದ ಹೊಸ ಬಗೆಯ ಲಸಿಕೆ, ನಮ್ಮ ದೇಶದಲ್ಲೇ ತಯಾರಾಗುತ್ತೆ, ನನ್ನ ಅಂಗಡಿಯ ಫ್ರಿಜ್ಜಿನಲ್ಲೇ ಇತ್ತು. ಮಗಳಿಗೆ ಹಾಕಿಸಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತೆ.

ಈಗ ಕೌಂಟರಿನಲ್ಲಿ ಮಗುವಿಗೆ ಹೊಟ್ಟೆನೋವು ಅಂತ ಬಂದರೆ ಸಿರಪ್ಪಿಗೆ ಕೈ ಹಾಕೋ ಮುಂಚೆ ಕೇಳುತ್ತೇನೆ. ಎಷ್ಟು ದಿನದಿಂದ ಜ್ವರ? ಹೊಟ್ಟೆ ಮುಟ್ಟಿದರೆ ಬೇಡ ಅನ್ನುತ್ತಾ? ವಾಂತಿ ಹಸಿರಾ? ಬೆಳಗ್ಗಿನಿಂದ ಒಂದಕ್ಕೆ ಹೋಗಿದೆಯಾ? ಹಾರೋಕೆ ಹೇಳಿದರೆ ಹಾರುತ್ತಾ? ಇವುಗಳಲ್ಲಿ ಯಾವುದಕ್ಕಾದರೂ ಉತ್ತರ ಸರಿ ಕಾಣದಿದ್ದರೆ ಔಷಧಿ ಕೊಡಲ್ಲ, ಆಟೋ ಕರೆದು ಕಳಿಸುತ್ತೇನೆ. ಬೇಜಾರು ಮಾಡಿಕೊಂಡು ಮುಂದಿನ ಅಂಗಡಿಗೆ ಹೋದವರೂ ಇದ್ದಾರೆ. ಹೋಗದಿರೋ ಹಾಗೆ ಅವರ ಹಿಂದೆಯೇ ಬೀದಿಗಿಳಿದು ಮಾತಾಡಿದ್ದೂ ಇದೆ.

ಮೂರು ತಿಂಗಳಿಗೆ ಮೈಸೂರಿಗೆ ತೋರಿಸೋಕೆ ಹೋದಾಗ ಮೇಡಂ ಸ್ಕ್ಯಾನ್ ನೋಡಿದರು, ಹೊಲಿಗೆ ಗುರುತಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ "ಇಳಿ ಪುಟ್ಟ" ಅಂದರು. ಇವಳು ಮೆಟ್ಟಿಲು ಹುಡುಕಲಿಲ್ಲ. ಎರಡೂ ಕಾಲು ಜೋಡಿಸಿ ಮಂಚದಿಂದ ಧಪ್ ಅಂತ ನೆಲಕ್ಕೆ ಹಾರಿದಳು. ಮೇಜಿನ ಮೇಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು, ಅವಳೇ ಬಗ್ಗಿ ಎತ್ತಿಕೊಟ್ಟಳು.